ಬೆನ್ನು ನೋಡಿ ಕೊಳ್ಳಬೇಕಾದ ಚಿತ್ರ

ಪ್ಯಾರಿಸ್ಸಿನ ಹರಾಜುಗಳಿಗೆ ಹತ್ತೊಂಬತ್ತನೇ ಶತಮಾನದ ಒಂದು ಬಗೆಯ ತೈಲಚಿತ್ರ ಬರುವುದುಂಟು: ಲೂವ್ರ್ ಸಂಗ್ರಹಾಲಯದ ಕೋಣೆ, ಗೋಡೆ ತುಂಬ ಚಿತ್ರ, ನಮಗೆ ಬೆನ್ನು ಹಾಕಿ ನೋಡುತ್ತ ನಿಂತ ಜನ. ಕಾರವಾರದ ಚಪಲ್ ಯುದ್ಧನೌಕೆ ಸಂಗ್ರಹಾಲಯದೊಳಗೆ ರಜೆಯಲ್ಲಿ ಹೊಕ್ಕರೂ ಮೊದಲು ಕಾಣುವುದು ಬೆನ್ನೇ.

ಈ ಬಗೆಯಲ್ಲಿ ಹೆಸರಾದವನು ಲೂಯಿ ಬೆರೂ (1852–1930). 1911ರ ಆಗಸ್ಟ್ 22ರಂದು ಚಿತ್ರ ಬರೆಯಲು ಹೋದವನು, ಮೊನಾ ಲಿಸಾ ಇದ್ದಲ್ಲಿ ಬರೀ ಕೊಕ್ಕೆ ಕಂಡು ಕಾವಲಿನವರನ್ನು ಕೇಳಿದ. ಕಳವು ಬಯಲಾದದ್ದೇ ಹಾಗೆ. ಇಂಥ ಹೆಸರಿದ್ದರೆ ಬೆಲೆ ಏರುತ್ತದೆ, ಆದರೆ ಹರಾಜಿನ ಪಟ್ಟಿಯಲ್ಲಿ ಹೆಸರಿಗೆ ಮೊದಲು ಬರುವ ಪದ ಓದಬೇಕು. ಫ್ರಾನ್ಸಿನ 1981ರ ಆದೇಶದ ಪ್ರಕಾರ ‘ಅತ್ರಿಬ್ಯುಯೆ ಆ’ ಎಂದರೆ ಚಿತ್ರ ಆ ಕಲಾವಿದನ ಕಾಲದ್ದು, ಅವನದೇ ಇರಬಹುದು ಎನ್ನಲು ಗಟ್ಟಿ ಕಾರಣವಿದೆ. ‘ದಾಂ ಲ ಗೂ ದ’ ಎಂದಿದ್ದರೆ ಬರೆದವನು ಯಾರೆಂಬುದಕ್ಕೂ ಖಾತ್ರಿಯಿಲ್ಲ, ಯಾವ ಕಾಲದ್ದೆಂಬುದಕ್ಕೂ ಇಲ್ಲ.

ಕಾಲ ತಿಳಿಯಲು ಹೆಂಗಸರ ಉಡುಪು ನೋಡಿ. ಗಂಟೆಯಂತೆ ಸುತ್ತಲೂ ಉಬ್ಬಿದ ಲಂಗ 1850–60ರ ದಶಕದ್ದು. ಸೊಂಟದ ಹಿಂದೆ ಮಾತ್ರ ಉಬ್ಬಿದ್ದರೆ 1870–80ರದ್ದು. ಗೋಡೆಯಲ್ಲಿ ಇಟಲಿಯ ಚಿತ್ರಕಾರ ವೆರೊನೇಸೆ ಬರೆದ, ಬೈಬಲಿನ ಕಾನಾ ಮದುವೆಯ ಭಾರೀ ಚಿತ್ರ ಕಂಡರೆ ಅದು ಲೂವ್ರ್‌ನ ಸಲೋಂ ಕಾರೆ ಎಂಬ ಕೋಣೆ.

ಮುಂದಿನದು ಕ್ಯಾನ್ವಾಸಿನ ಬೆನ್ನು. ಇದರ ಫೋಟೊ ಕೊಡದ ಹರಾಜಿನಿಂದ ದೂರವಿರುವುದೇ ಲೇಸು. ಫ್ರೆಂಚ್ ಕ್ಯಾನ್ವಾಸಿಗೆ ನಂಬರಿನ ಅಳತೆಯಿದೆ: 15ನೇ ನಂಬರಿನದು ಆಕೃತಿಚಿತ್ರಕ್ಕೆ 65×54 ಸೆಂ.ಮೀ., ಭೂದೃಶ್ಯಕ್ಕೆ 65×50, ಕಡಲಚಿತ್ರಕ್ಕೆ 65×46. ಇಂಥ ಯಾವ ಅಳತೆಗೂ ಕೂಡದಿದ್ದರೆ ಅಂಚು ಕತ್ತರಿಸಿರಬಹುದು. ಮೊಳೆ ಹೊಡೆದ ಮಡಿಕೆ ಉಳಿದಿದೆಯೇ ಕೇಳಿ. ಹಿಂದೆ ಎರಡನೇ ಬಟ್ಟೆ ಅಂಟಿಸಿದ್ದರೆ ಇಸ್ತ್ರಿ ಆಡಿಸಿರುವ ಸಂಭವವಿದೆ. ಅದನ್ನು ಹಿಡಿಯುವ ಜಾಗ, ಚಿತ್ರದೊಳಗಿನ ಚಿನ್ನದ ಚೌಕಟ್ಟುಗಳು. ಅಲ್ಲಿ ಹಳದಿ ಬಣ್ಣವನ್ನು ದಪ್ಪಗೆ ಇಟ್ಟಿರುತ್ತಾರೆ. ಪಕ್ಕದಿಂದ ಟಾರ್ಚ್ ಬಿಟ್ಟರೆ ಪ್ರತಿ ಚುಕ್ಕೆಗೂ ನೆರಳು ಬೀಳಬೇಕು. ಚಪ್ಪಟೆಯಾಗಿ ಹೊಳೆದರೆ ಬಿಸಿ, ಒತ್ತಡ ಎರಡೂ ತಾಗಿವೆ. ನೇರಳಾತೀತ ಬೆಳಕಿನ ಫೋಟೊ ಕೇಳಿದರೆ, ವಾರ್ನಿಶ್ ಮೇಲೆ ಆಮೇಲೆ ಹಚ್ಚಿದ ಬಣ್ಣದ ತೇಪೆ ಕಪ್ಪಾಗಿ ಎದ್ದು ಕಾಣುತ್ತದೆ. ಟೈಟಾನಿಯಂ ಬಿಳಿ ಎಂಬ ಬಣ್ಣ ಸಿಕ್ಕರೆ ಆ ಭಾಗ 1916ಕ್ಕಿಂತ ಹಿಂದಿನದಲ್ಲ.

ನಮ್ಮ ಫಲಾವಳಿ ಸವಾಲಿನಲ್ಲಿ, ಅಂದರೆ ದೇವರಿಗೆ ಒಪ್ಪಿಸಿದ ಹಣ್ಣುಕಾಯಿಗಳ ಹರಾಜಿನಲ್ಲಿ, ಕೂಗಿದ್ದೇ ಕೊಡುವ ದುಡ್ಡು. ಅಲ್ಲಿ ಹಾಗಲ್ಲ. ಸುತ್ತಿಗೆ ಬಿದ್ದ ಬೆಲೆಯ ಮೇಲೆ ಹರಾಜು ಸಂಸ್ಥೆಯ ಕಮಿಷನ್ನೇ ನಾಲ್ಕನೇ ಒಂದರಷ್ಟು ಸೇರುವುದುಂಟು. ಸಾಗಣೆ, ವಿಮೆ, ಸುಂಕ ಬೇರೆ.

ಇಷ್ಟಾಗಿ ಚಿತ್ರ ಕಾರವಾರಕ್ಕೋ ಶಿರಸಿಗೋ ಬಂತೆನ್ನಿ. ನಿಜವಾದ ಪೇಚು ಆಗ ಶುರು. ಬಟ್ಟೆಗೂ ಬಣ್ಣಕ್ಕೂ ನಡುವೆ ಪ್ರಾಣಿಜನ್ಯ ಅಂಟು ಬಳಿದಿರುತ್ತದೆ. ಗಾಳಿಯ ತೇವ ಶೇ. 80 ದಾಟಿದರೆ ಅಂಟು ಮೆತ್ತಗಾಗಿ ಬಟ್ಟೆ ಕುಗ್ಗುತ್ತದೆ. ಬಿರುಕುಬಿಟ್ಟ ಬಣ್ಣ ಬಟ್ಟಲಿನಂತೆ ಮೇಲೆದ್ದು ಉದುರುತ್ತದೆ. ಬೂಷ್ಟು ಹಿಡಿಯಲು ಶೇ. 70 ಸಾಕು, ನಮ್ಮ ಮಳೆಗಾಲಕ್ಕೆ ಅದೇನೂ ದೊಡ್ಡದಲ್ಲ. ಮಳೆ ಹೊಡೆಯುವ ಪಡುವಣ ಚಿರೆಕಲ್ಲಿನ ಗೋಡೆಗೆ ತೂಗಬೇಡಿ. ಒಳಗೋಡೆಗೆ ತೂಗಿ, ಕೆಳಮೂಲೆಗಳಲ್ಲಿ ಎರಡು ಸೆಂ.ಮೀ. ದಪ್ಪದ ಬಿರಡೆ ಸಿಕ್ಕಿಸಿ ಹಿಂದೆ ಗಾಳಿಯಾಡಲು ಬಿಡಿ. ರಾತ್ರಿ ಏಸಿ, ಹಗಲು ಬಂದ್ ಎಂಬ ರೂಢಿ ಏಸಿಯೇ ಇಲ್ಲದ್ದಕ್ಕಿಂತ ಕೆಟ್ಟದ್ದು. ಬೂಷ್ಟು ಕಂಡರೆ ಒದ್ದೆ ಬಟ್ಟೆ ಮುಟ್ಟಿಸದೆ, ಒಣ ಕೋಣೆಗೆ ಒಯ್ದು ಸಂರಕ್ಷಣಾ ತಜ್ಞರನ್ನು ಕರೆಸಿ.