ಕ್ಲೆಮೆನ್ಸ್: ಮೈದಾನದಿಂದ ಕಟಕಟೆಗೆ

ಕಾರವಾರದ ಕಡಲತೀರದಲ್ಲಿ ಟೆನಿಸ್ ಬಾಲ್ ಹಿಡಿದು ವೇಗದ ಬೌಲಿಂಗ್ ಮಾಡುವ ಹುಡುಗರು ಅಮೆರಿಕದ ಬೇಸ್‌ಬಾಲ್ ಪಿಚರ್ (ಚೆಂಡೆಸೆಯುವ ಆಟಗಾರ) ರೋಜರ್ ಕ್ಲೆಮೆನ್ಸ್ ಅವರ ಬಗ್ಗೆ ತಿಳಿಯಬೇಕು. ಬೇಸ್‌ಬಾಲ್ ಪಿಚರ್‌ಗೆ ನಮ್ಮ ಬೌಲರ್‌ಗಳಂತೆ ರನ್‌ಅಪ್ ಇಲ್ಲ. ನಿಂತಲ್ಲಿಂದಲೇ ಮೊಣಕೈ ಮಡಚಿ 18.44 ಮೀಟರ್ ದೂರಕ್ಕೆ ಬೀಸಿ ಎಸೆಯಬೇಕು. ಭುಜ, ಮೊಣಕೈ ಬೇಗ ಸವೆಯುತ್ತವೆ. ಅಂಥದ್ದರಲ್ಲಿ 1984ರಿಂದ 2007ರವರೆಗೆ 24 ಸೀಸನ್, 354 ಗೆಲುವು, ವರ್ಷದ ಶ್ರೇಷ್ಠ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ 7 ಬಾರಿ!

2007ರ ಡಿಸೆಂಬರ್‌ನಲ್ಲಿ ಬೇಸ್‌ಬಾಲ್‌ನಲ್ಲಿ ಮದ್ದು ಸೇವನೆ ಕುರಿತ ತನಿಖೆಯ ಮಿಚೆಲ್ ವರದಿ ಅವರ ಮೇಲೆ ಉದ್ದೀಪನ ಮದ್ದಿನ ಆರೋಪ ಹೊರಿಸಿತು. 2008ರಲ್ಲಿ ಅಮೆರಿಕದ ಸಂಸದೀಯ ಸಮಿತಿಯೆದುರು ಪ್ರಮಾಣ ಮಾಡಿ ಅಲ್ಲಗಳೆದರು. ಬಹಳ ಮಂದಿ ತಪ್ಪು ತಿಳಿಯುವುದು ಇಲ್ಲೇ: ಕೇಸು ಬಿದ್ದದ್ದು ಮದ್ದು ತೆಗೆದುಕೊಂಡರೆಂದಲ್ಲ, ಸಮಿತಿಗೆ ಸುಳ್ಳು ಹೇಳಿದರೆಂದು. 2011ರಲ್ಲಿ, ನ್ಯಾಯಾಧೀಶರು ನಿಷೇಧಿಸಿದ್ದ ಸಾಕ್ಷ್ಯವನ್ನು ಸರ್ಕಾರಿ ವಕೀಲರು ಜ್ಯೂರಿಗೆ ತೋರಿಸಿದ್ದರಿಂದ ವಿಚಾರಣೆಯೇ ರದ್ದಾಯಿತು. ಮತ್ತೆ ಹೊಸದಾಗಿ ವಿಚಾರಣೆ ನಡೆದು, 2012ರ ಜೂನ್‌ನಲ್ಲಿ ಆರೂ ಆರೋಪಗಳಿಂದ ಖುಲಾಸೆ. ಆದರೂ 2022ರಲ್ಲಿ, ಪತ್ರಕರ್ತರ ಮತದಾನದಲ್ಲಿ ಅವರಿಗಿದ್ದ ಕೊನೆಯ ಅವಕಾಶದಲ್ಲಿ, ಬೇಸ್‌ಬಾಲ್ ದಿಗ್ಗಜರ ಗೌರವ ಪಟ್ಟಿಯಾದ ಹಾಲ್ ಆಫ್ ಫೇಮ್‌ಗೆ ಬೇಕಿದ್ದ ಶೇ. 75ರ ಬದಲು ಶೇ. 65.2 ಮತವಷ್ಟೇ ಸಿಕ್ಕಿತು.