ಗದ್ದೆಗೆ ಒಯ್ದ ಅನ್ನಭೇದಿ

ಆಗಸ್ಟ್ ತಿಂಗಳು, ನಾಟಿ ಮುಗಿದು ಮೂರು ವಾರ. ತೋಟದ ಬುಡಕ್ಕಿರುವ ನಮ್ಮ ಜೌಗು ಗದ್ದೆಯ ನೀರಿನ ಮೇಲೆ ಬಣ್ಣಬಣ್ಣದ ಎಣ್ಣೆ ಪದರ ತೇಲುತ್ತಿತ್ತು. ಉಳುವಾಗ ಟಿಲ್ಲರಿನಿಂದ ಡೀಸೆಲ್ ಸೋರಿರಬೇಕು ಎಂದು ಟಿಲ್ಲರಿನವನಿಗೆ ಮನಸ್ಸಲ್ಲೇ ಬೈದೆ. ಪೈರಿನ ಕೆಳಗಿನ ಎಲೆಗಳ ತುದಿಯಲ್ಲಿ ಕಂದು ಚುಕ್ಕೆ. ಕೆಲವು ಬುಡಗಳಂತೂ ತುಕ್ಕು ಹಿಡಿದ ಹಾಗಿದ್ದವು.

ನನ್ನ ಕೈಯಲ್ಲಿ ಅರ್ಧ ಕಿಲೋ ಅನ್ನಭೇದಿ, ಅಂದರೆ ಕಬ್ಬಿಣದ ಸಲ್ಫೇಟ್, ಇತ್ತು. ಅದಕ್ಕೊಂದು ಹಿನ್ನೆಲೆ ಇದೆ. ಕೊಡಗಿನ ಮಣ್ಣು ಹುಳಿ, ಸುಣ್ಣ ಬೇಕು ಎಂದು ಕೇಳಿ ಕೇಳಿ, ಬೇಸಿಗೆಯಲ್ಲಿ ಕಾಫಿ ನರ್ಸರಿಯ ಚೀಲದ ಮಣ್ಣಿಗೆ ಸುಣ್ಣ ಜಾಸ್ತಿಯೇ ಸುರಿದಿದ್ದೆ. ಸುಣ್ಣ ಅತಿಯಾದರೆ ಮಣ್ಣಲ್ಲಿ ಕಬ್ಬಿಣ ಇದ್ದರೂ ಬೇರಿಗೆ ಸಿಗುವುದಿಲ್ಲ. ಎಳೆ ಎಲೆ ಹಳದಿ, ನರ ಮಾತ್ರ ಹಸಿರು. ಲೀಟರಿಗೆ 5 ಗ್ರಾಂ ಅನ್ನಭೇದಿ ಬೆರೆಸಿ ಎಲೆಗೆ ಹೊಡೆದ ಮೇಲೆ ಸಸಿಗಳು ಚೇತರಿಸಿಕೊಂಡವು. ಅಂದಿನಿಂದ ನಾನೇ ದೊಡ್ಡ ಡಾಕ್ಟರ್!

ಪಕ್ಕದ ಗದ್ದೆಯ ಅಜ್ಜ ಚೀಲ ನೋಡಿ ಕೇಳಿದರು, "ಅದೇನು ಮಗಾ?"

"ಅನ್ನಭೇದಿ ಅಜ್ಜ. ಪೈರಿಗೆ ಕಬ್ಬಿಣ ಸಾಲುತ್ತಿಲ್ಲ."

ಅವರು ನಗಲೂ ಇಲ್ಲ. ಕೋಲೊಂದನ್ನು ಕೊಟ್ಟು, "ಆ ಎಣ್ಣೆಯನ್ನು ಕೆದಕು" ಎಂದರು. ಕೆದಕಿದೆ. ಡೀಸೆಲ್ ಆಗಿದ್ದರೆ ಮತ್ತೆ ಕೂಡಿಕೊಳ್ಳಬೇಕಿತ್ತು ಅಲ್ವಾ? ಇದು ತೆಳು ಗಾಜಿನಂತೆ ಒಡೆದು ಚೂರುಚೂರಾಗಿ ತೇಲಿತು. ಕಬ್ಬಿಣದ ಪೊರೆ ಅದು. ಒಂದು ಬುಡ ಕಿತ್ತು ತೊಳೆದರೆ ಬೇರಿನ ಸುತ್ತ ಇಟ್ಟಿಗೆ ಬಣ್ಣದ ಲೇಪ. ಉಜ್ಜಿದರೂ ಹೋಗಲಿಲ್ಲ.

ನೀರು ನಿಂತು ಮಣ್ಣಿಗೆ ಗಾಳಿಯಾಡದಿದ್ದಾಗ ಅದರಲ್ಲಿರುವ ಕಬ್ಬಿಣ ನೀರಿಗೆ ಕರಗುತ್ತದೆ. ಹುಳಿ ಮಣ್ಣಿನಲ್ಲಿ ಇನ್ನೂ ಜಾಸ್ತಿ. ಮೇಲಿನ ಗುಡ್ಡದ ಒರತೆ ಬೇರೆ ಅದನ್ನು ಹೊತ್ತು ತರುತ್ತದೆ. ಬೇರು ಬೇಡವೆಂದರೂ ಕುಡಿಯಬೇಕು. ನಾನು ಅದರ ಮೇಲೆ ಇನ್ನಷ್ಟು ಕಬ್ಬಿಣ ಸುರಿಯಲು ಹೊರಟಿದ್ದೆ!

ಮರುದಿನ ಬದುವಿನ ಮಗ್ಗುಲಲ್ಲಿ ಕಾಲುವೆ ತೋಡಿ ಒರತೆಯನ್ನು ಬೇರೆ ಕಡೆಗೆ ತಿರುಗಿಸಿದೆವು. ಗದ್ದೆಯ ನೀರನ್ನೂ ಹೊರಕ್ಕೆ ಬಿಟ್ಟೆವು. ಕೊಡಗಿನ ಆಗಸ್ಟ್‌ನಲ್ಲಿ ಗದ್ದೆ ಒಣಗಿಸುವುದು ತಮಾಷೆಯಲ್ಲ, ಹಗಲು ಬಿಟ್ಟ ನೀರು ರಾತ್ರಿ ಮಳೆಗೆ ಮತ್ತೆ ತುಂಬುತ್ತಿತ್ತು. ಸ್ವಲ್ಪ ಪೊಟ್ಯಾಷ್ ಗೊಬ್ಬರ ಕೊಟ್ಟೆವು. ಎರಡು ವಾರಕ್ಕೆ ಬಿಳಿ ಬೇರು ಕಂಡಿತು.

ಒರತೆಯ ಮೂಲೆಯ ನಾಲ್ಕೈದು ಸಾಲು ಮಾತ್ರ ಏಳಲೇ ಇಲ್ಲ. ಈ ಸಲ ಅಲ್ಲಿ ನಾಟಿ ಮಾಡಿಲ್ಲ, ಕೆಸುವಿಗೆ ಬಿಟ್ಟಿದ್ದೇನೆ. ಅನ್ನಭೇದಿ ಚೀಲ ಹಾಗೇ ಅಟ್ಟದಲ್ಲಿದೆ.