ಸೆರಗು ಬಲಗಡೆಗೆ ಹೋದದ್ದು

ಮಳೆಗಾಲದಲ್ಲಿ ಒಂದ್ಸಲ ಕಪಾಟು ಪೂರ್ತಿ ಖಾಲಿ ಮಾಡಿ ಒರೆಸ್ಲೇಬೇಕು, ಇಲ್ಲಾಂದ್ರೆ ಈ ಡೊಂಬಿವಲಿ ಮನೇಲಿ ಬಟ್ಟೆಗೆಲ್ಲ ಬೂಷ್ಟು. ಈ ಸಲ ಹಾಗೆ ಖಾಲಿ ಮಾಡುವಾಗ ಹಿಂದ್ಗಡೆ ಒಂದು ಬಿಸ್ಕೆಟ್ ಡಬ್ಬಿ ಸಿಕ್ತು, ತುಂಬ ಹಳೇ ಫೋಟೋಗಳ ನೆಗೆಟಿವ್. ನಮ್ಮ ಆಲ್ಬಮ್ ಎಲ್ಲ 2005ರ ಜುಲೈ 26ಕ್ಕೇ ಹೋಗಿತ್ತು, ಆಗ ನಾವು ಕುರ್ಲಾದಲ್ಲಿ ಗ್ರೌಂಡ್ ಫ್ಲೋರಲ್ಲಿದ್ವಿ, ಮಂಚದ ಮೇಲೆ ನೀರು. ಈ ಡಬ್ಬಿ ಮಾತ್ರ ಅಟ್ಟದ ಮೇಲಿದ್ದಿದ್ದಕ್ಕೆ ಉಳೀತು.

ಮನೇಲಿರೋ ಪ್ರಿಂಟರಿನ ಸ್ಕ್ಯಾನರಲ್ಲಿ ಇಟ್ಟು ನೋಡಿದ್ರೆ ಬರೀ ಕಪ್ಪು ಪಟ್ಟಿ. ನೆಗೆಟಿವ್‌ಗೆ ಬೆಳಕು ಆಚೆಯಿಂದ ಹಾದು ಬರ್ಬೇಕಲ್ಲ. ಆಮೇಲೆ ಮುಚ್ಚಳದಲ್ಲೇ ಲೈಟ್ ಇರೋ ಸೆಕೆಂಡ್ ಹ್ಯಾಂಡ್ ಫ್ಲಾಟ್‌ಬೆಡ್ ಸ್ಕ್ಯಾನರ್ ಒಂದು ಐದೂವರೆ ಸಾವಿರಕ್ಕೆ ಸಿಕ್ತು, ಅದರ ಹಳೇ ಡ್ರೈವರ್ ನನ್ನ ಲ್ಯಾಪ್‌ಟಾಪಲ್ಲಿ ಓಡ್ಲೇ ಇಲ್ಲ, ವ್ಯೂಸ್ಕ್ಯಾನ್ ಅನ್ನೋ ಸ್ಕ್ಯಾನಿಂಗ್ ಸಾಫ್ಟ್‌ವೇರ್ ಹಾಕ್ಕೊಂಡ ಮೇಲೆ ಓಡ್ತು. ಸ್ಕ್ಯಾನರ್ ಡಬ್ಬದ ಮೇಲೆ 4800 ಡಿಪಿಐ (ಒಂದು ಇಂಚಿಗೆ ಅಷ್ಟು ಚುಕ್ಕೆ) ಅಂತ ಇದೆ, ನಂಬ್ಬೇಡಿ. 2400ರ ಮೇಲೆ ನನಗೆ ಫೈಲ್ ದಪ್ಪ ಆಗಿದ್ದು ಬಿಟ್ರೆ ಬೇರೆ ಏನೂ ಕಾಣ್ಲಿಲ್ಲ. 2400ರಲ್ಲೇ ಒಂದು ಫ್ರೇಮ್ ಸುಮಾರು 3400 × 2270 ಪಿಕ್ಸೆಲ್ ಬರುತ್ತೆ, ಎ4 ಪ್ರಿಂಟಿಗೆ ಧಾರಾಳ.

ಧೂಳಿನ ಕಥೆ ಬೇಡ. ಬಾಯಲ್ಲಿ ಮಾತ್ರ ಊದ್ಬೇಡಿ, ಎಂಜಲು ಹಾರುತ್ತೆ, ಲೆನ್ಸಿಗೆ ಊದೋ ರಬ್ಬರ್ ಬ್ಲೋವರ್ ತಗೊಳ್ಳಿ.

ತಲೆ ತಿಂದದ್ದು ಬಣ್ಣ. ಕಲರ್ ನೆಗೆಟಿವ್‌ಗೆ ಒಂದು ಕಿತ್ತಳೆ ಛಾಯೆ ಇರುತ್ತಲ್ಲ, ಅದು ಹಳೇದಾಗಿ ಬಂದದ್ದಲ್ಲ, ಫಿಲ್ಮಿನೊಳಗಿನ ಬಣ್ಣಗಳು ಪೂರ್ತಿ ಶುದ್ಧ ಇರೋದಿಲ್ಲ ಅಂತ, ಅದನ್ನ ಸರಿದೂಗಿಸೋಕೆ ಕಂಪನಿಯವರೇ ಬೇಕಂತ ಇಟ್ಟದ್ದು. ಬಣ್ಣ ಸುಮ್ನೆ ಉಲ್ಟಾ ಮಾಡಿದ್ರೆ ಎಲ್ಲರ ಮುಖವೂ ನೀಲಿ. ಸಾಫ್ಟ್‌ವೇರಿನ ಆಟೋ ಸೆಟ್ಟಿಂಗಲ್ಲಿ ಬಿಟ್ರೆ ಒಂದೊಂದು ಫ್ರೇಮಿಗೂ ಒಂದೊಂದು ಬಣ್ಣ, ಒಂದೇ ದಿನ ಅಮ್ಮ ಉಟ್ಟ ಒಂದೇ ಸೀರೆ ಒಂದರಲ್ಲಿ ನೀಲಿ ಇನ್ನೊಂದರಲ್ಲಿ ನೇರಳೆ ಮಾರಾಯ್ರೆ! ಕೊನೆಗೆ ಎರಡು ಫ್ರೇಮಿನ ಮಧ್ಯೆ ಇರೋ ಖಾಲಿ ಕಿತ್ತಳೆ ಜಾಗವನ್ನ ಅಳತೆಗೆ ತಗೊಂಡು ಇಡೀ ರೋಲಿಗೆ ಅದನ್ನೇ ಲಾಕ್ ಮಾಡಿದೆ.

ಮೊದಲು ಸರಿಯಾಗಿ ಬಂದದ್ದು ಮುಂಬೈ ವಿ.ಟಿ. ಸ್ಟೇಷನ್ (ಈಗಿನ ಸಿಎಸ್ಎಂಟಿ) ಎದುರಿನ ಫೋಟೋ, ಕೊಡಾಕ್ ಗೋಲ್ಡ್ 200 ಫಿಲ್ಮ್. ಅಪ್ಪ, ಅಮ್ಮ, ಹಿಂದೆ ಒಂದು ಪದ್ಮಿನಿ ಟ್ಯಾಕ್ಸಿ. ಅಮ್ಮನ್ನ ಕರೆದು ತೋರಿಸಿದೆ. ಕನ್ನಡಕ ಏರಿಸ್ಕೊಂಡು ನೋಡಿ, "ಎಂತ ಮಾಡಿದ್ದಿಯಾ? ನನ್ನ ಸೆರಗು ಬಲ ಹೆಗಲ ಮೇಲೆ ಯಾಕಿದೆ, ನಾನೇನು ಗುಜರಾತಿಯಾ?" ಅಂದ್ರು.

ನೋಡಿದ್ರೆ ಹೌದು. ಟ್ಯಾಕ್ಸಿಯವನೂ ಎಡಗಡೆ ಕೂತು ಸ್ಟೇರಿಂಗ್ ಹಿಡಿದಿದ್ದಾನೆ. ಫಿಲ್ಮನ್ನ ಮಗುಚಿ ಇಟ್ಟಿದ್ದೆ. ಅಂಚಿನಲ್ಲಿರೋ ಅಕ್ಷರ ಯಾವ ಬದಿಯಿಂದ ನೇರ ಓದೋಕೆ ಬರುತ್ತೋ ಆ ಮಿನುಗೋ ಬದಿ ಗಾಜಿನ ಕಡೆ ಇರ್ಬೇಕು, ನಾನು ಮಂಕು ಬದಿ ಇಟ್ಟಿದ್ದೆ. ಅಷ್ಟು ಹೊತ್ತಿಗೆ ಮೂವತ್ತೆರಡು ಫ್ರೇಮ್ ಆಗಿತ್ತು! ಕಂಪ್ಯೂಟರಲ್ಲೇ ತಿರುಗಿಸಿದೆ, ಮತ್ತೆ ಸ್ಕ್ಯಾನ್ ಮಾಡೋ ತಾಳ್ಮೆ ಯಾರಿಗಿದೆ.

ಆದ್ರೆ ಆ ಟ್ಯಾಕ್ಸಿಯಿಂದ ಒಂದು ಉಪಕಾರ ಆಯ್ತು. ಕಾಲಿ-ಪೀಲಿ ಟ್ಯಾಕ್ಸಿಯ ಕಪ್ಪು-ಹಳದಿ ಬಣ್ಣ ಮುಂಬೈಯವರಿಗೆ ಕಣ್ಣು ಮುಚ್ಚಿದ್ರೂ ಗೊತ್ತು, ಪದ್ಮಿನಿ 2023ರ ಅಕ್ಟೋಬರಿಗೆ ರೋಡಿಂದಾನೇ ಹೋದ್ರೂ. ಬಾಡಿ ಕಪ್ಪಾಗೋವರೆಗೆ, ಟಾಪು ಸರಿಯಾದ ಹಳದಿ ಆಗೋವರೆಗೆ ಸ್ಲೈಡರ್ ಎಳೆದೆ. ಸೀರೆ ಗಿಳಿಹಸಿರು ಬಂತು.

"ಅಲ್ಲ, ಅದು ರಾಮಾ ಗ್ರೀನ್. ದಾದರಲ್ಲಿ ತಗೊಂಡದ್ದು."

ರಾಮಾ ಗ್ರೀನ್ ಅಂದ್ರೆ ನೀಲಿ ಬೆರೆತ ಹಸಿರು. ಟ್ಯಾಕ್ಸಿ ತೋರಿಸಿ ಅಮ್ಮನ ಹತ್ರ ವಾದ ಮಾಡಿದೆ, ನಡೀಲಿಲ್ಲ. ಸರಿ ಅಂತ ನೀಲಿ ಜಾಸ್ತಿ ಮಾಡಿದೆ, ಸೀರೆ ಅಮ್ಮ ಹೇಳಿದ ಬಣ್ಣಕ್ಕೆ ಬಂತು, ಟ್ಯಾಕ್ಸಿ ಟಾಪು ಬಾಡಿದ ಸೇವಂತಿಗೆ ಥರ ಆಯ್ತು. ಅಮ್ಮ ಅದನ್ನೇ ಉಡುಪಿಗೆ ಚಿಕ್ಕಮ್ಮನಿಗೆ ವಾಟ್ಸಾಪ್ ಮಾಡಿದ್ರು. ಐದು ನಿಮಿಷಕ್ಕೆ ರಿಪ್ಲೈ: "ಅಕ್ಕ, ಇದು ನನ್ನ ಗಿಳಿಹಸಿರು ಸೀರೆ ಅಲ್ವಾ?"